ನಾಯಿ ವಿಮೆ: ನಾಲ್ಕು ವರ್ಷದ ಬಳಕೆ, ಕಂಪನಿ ಕೈ ಎತ್ತಿದ ಮೇಲಿನ ಲೆಕ್ಕ

ಬಳಸಿದ್ದು 2021ರ ಆಗಸ್ಟ್‌ನಿಂದ 2025ರ ಆಗಸ್ಟ್‌ವರೆಗೆ, ಮೈಸೂರಿನ ಕುವೆಂಪುನಗರದಲ್ಲಿ. ಹೆಣ್ಣು ಲ್ಯಾಬ್ರಡಾರ್, ಸೇರಿಸಿದಾಗ ಎರಡು ವರ್ಷ, ಪಾಲಿಸಿ ಮುಗಿದಾಗ ಆರು. ವಿಮಾ ಮೊತ್ತ 50,000 ರೂಪಾಯಿ. ಮೊದಲ ವರ್ಷದ ಪ್ರೀಮಿಯಂ 3,200, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 3,776. ನಾಲ್ಕನೇ ವರ್ಷ 4,800, ತೆರಿಗೆ ಸೇರಿ 5,664. ಕ್ಲೇಮು ಕೊಟ್ಟ ರೀತಿಗೆ ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಬಿಟ್ಟು ಹೋದ ರೀತಿಗೆ ಒಂದು. ಕಂಪನಿಯ ಹೆಸರು ಬರೆದು ಉಪಯೋಗವಿಲ್ಲ, ಈಗ ಅದು ನಾಯಿ ವಿಮೆ ಮಾರುತ್ತಲೇ ಇಲ್ಲ.

ಪಾಲಿಸಿ ಚಾಲ್ತಿಯಲ್ಲಿದ್ದಾಗ ಹೇಗಿತ್ತು ಅನ್ನೋದನ್ನ ಮೊದಲು ಹೇಳಿಬಿಡುವುದು ನ್ಯಾಯ. ಕ್ಯಾಶ್‌ಲೆಸ್ ಇಲ್ಲ, ಎಲ್ಲವೂ ನಾವೇ ಕಟ್ಟಿ ಆಮೇಲೆ ವಾಪಸ್ ಪಡೆಯುವ ಲೆಕ್ಕ. ಸರ್ಜರಿ ಮತ್ತು ಆಸ್ಪತ್ರೆ ದಾಖಲಾತಿ, ಸಾವು, ಕಳವು, ನಮ್ಮ ನಾಯಿ ಇನ್ನೊಬ್ಬರನ್ನು ಕಚ್ಚಿದರೆ ಕೊಡಬೇಕಾದ ಪರಿಹಾರ, ಇಷ್ಟು ಸೇರಿತ್ತು. ಲಸಿಕೆ, ಜಂತುಹುಳುವಿನ ಮಾತ್ರೆ, ಸಂತಾನಹರಣ, ಹಲ್ಲು ಕ್ಲೀನಿಂಗ್ ಸೇರಿರಲಿಲ್ಲ. ಪಾರ್ವೊ, ಡಿಸ್ಟೆಂಪರ್, ಲೆಪ್ಟೊ, ರೇಬೀಸ್ ಈ ನಾಲ್ಕಕ್ಕೆ ಲಸಿಕೆ ಕಾರ್ಡಿನಲ್ಲಿ ತಾರೀಖು ತಪ್ಪಿದ್ದರೆ ಆ ಕಾಯಿಲೆಗೆ ಒಂದು ಪೈಸೆಯೂ ಇಲ್ಲ. ಬೂಸ್ಟರ್ ಹತ್ತು ದಿನ ತಡವಾದರೂ ಅವರ ಕಡೆಯಿಂದ ಅದು ತಪ್ಪಿದ್ದೇ.

ಬಿಲ್ಲು ಹೇಗೆ ಸವೆಯುತ್ತದೆ ಅಂತ ಗೊತ್ತಿಲ್ಲದೆ ಬಹಳ ಜನ ಬೈಯುತ್ತಾರೆ. ಒಂದನ್ನು ಬಿಡಿಸಿ ನೋಡಿ. ಮಾವಿನ ಓಟೆ ನುಂಗಿ ಕರುಳು ಕಟ್ಟಿಕೊಂಡ ನಾಯಿಗೆ ಸರ್ಜರಿ, ಮೂರು ದಿನ ಡ್ರಿಪ್. ಒಟ್ಟು ಬಿಲ್ಲು 24,000 ಅಂತಿಟ್ಟುಕೊಳ್ಳಿ. ಅದರಲ್ಲಿ ಡಬ್ಬಿ ಆಹಾರ, ಕುತ್ತಿಗೆಗೆ ಹಾಕುವ ಕೋನ್, ಶಾಂಪೂ ಸೇರಿ 1,150 ಮೊದಲೇ ಹೋಗುತ್ತದೆ, ಔಷಧವಲ್ಲ ಅಂತ. ದಾಖಲಾಗುವ ಹಿಂದಿನ ದಿನ ಬರೀ ತೋರಿಸಿಕೊಂಡು ಬಂದ 600 ಹೋಗುತ್ತದೆ, ಒಪಿಡಿ ಅಂತ. ಉಳಿದ 22,250ರಲ್ಲಿ ಶೇ. 20 ನಮ್ಮ ಪಾಲು, ಅಂದರೆ 4,450. ಕೈಗೆ ಬರುವುದು 17,800. ಪಾಲಿಸಿ ಪತ್ರದಲ್ಲಿ ಇದೆಲ್ಲ ಮೊದಲೇ ಬರೆದಿತ್ತು, ಮೋಸ ಅನ್ನುವಂತಿಲ್ಲ. ಹಣ ನಿಲ್ಲುವುದು ಬೇರೆ ಕಡೆ. ಮೆಡಿಕಲ್ ಶಾಪಿನವರು ಮನುಷ್ಯರಿಗೆ ಕೊಟ್ಟ ಹಾಗೆ ಬರೀ ಮಾಲೀಕರ ಹೆಸರು ಹಾಕಿ ಬಿಲ್ಲು ಕೊಡುತ್ತಾರೆ. ಮಾಲೀಕರ ಹೆಸರಿನ ಪಕ್ಕ ನಾಯಿಯ ಹೆಸರನ್ನೂ ಹಾಕಿಸಬೇಕು. ರಕ್ತ ಪರೀಕ್ಷೆಯ ವರದಿಯಲ್ಲಿ ‘ಕೆನೈನ್’, ಅಂದರೆ ನಾಯಿಯದ್ದು, ಅಂತ ಇರಬೇಕು. ಡಿಸ್ಚಾರ್ಜ್ ಪತ್ರದಲ್ಲಿ ಡಾಕ್ಟರ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಮತ್ತು ನಾಯಿಯ ಮೈಕ್ರೋಚಿಪ್ (ಗುರುತಿಗಾಗಿ ಚರ್ಮದಡಿ ಹಾಕುವ ಚಿಪ್) ಸಂಖ್ಯೆ ಇಲ್ಲದಿದ್ದರೆ ಕಡತ ವಾಪಸ್ ಬರುತ್ತದೆ. ಸರ್ಕಾರಿ ಆಸ್ಪತ್ರೆಯ ಒಪಿ ಚೀಟಿಯ ಮೇಲೂ ಇವೆರಡನ್ನು ಕೇಳಿ ಬರೆಸಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಮೈಸೂರಿನವರಿಗೆ ಅಂತಲೇ ಒಂದು ಮಾತು. ಕಷ್ಟದ ಕೇಸುಗಳನ್ನು ಇಲ್ಲಿಂದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸುವುದು ವಾಡಿಕೆ. ಸಾಗಣೆಯ ವೇಳೆ ಆದ ಸಾವಿಗೆ ಈ ಪಾಲಿಸಿಯಲ್ಲಿ ಪರಿಹಾರ ಇರಲಿಲ್ಲ. ರೆಫರಲ್ ಪತ್ರದಲ್ಲಿ ಹೊರಟ ಸಮಯ ಮತ್ತು ಆಗಿನ ಸ್ಥಿತಿ ಬರೆಸಿಕೊಂಡು ಹೊರಟರೆ, ದಾರಿಯಲ್ಲಿ ಏನಾದರೂ ಆದಾಗ ಸಾವು ಕಾಯಿಲೆಯದ್ದು, ಪ್ರಯಾಣದ್ದಲ್ಲ ಅಂತ ವಾದಿಸಲು ಒಂದು ಕಾಗದವಾದರೂ ಇರುತ್ತದೆ.

ಇನ್ನು ಬಿಟ್ಟು ಹೋದ ವಿಷಯ. ಮುಕ್ತಾಯಕ್ಕೆ 45 ದಿನ ಇರುವಾಗ ಒಂದು ಮೇಲ್: ಈ ಉತ್ಪನ್ನವನ್ನು ಹಿಂತೆಗೆದುಕೊಳ್ಳಲಾಗಿದೆ, ನವೀಕರಣ ಇರುವುದಿಲ್ಲ. ಅಷ್ಟೇ. ಬದಲಿ ಪಾಲಿಸಿ ಇಲ್ಲ, ಇಂಥ ಕಂಪನಿಗೆ ಹೋಗಿ ಅನ್ನುವ ಮಾತಿಲ್ಲ.

ಬಹುತೇಕರು ಎಡವುವುದು ಇಲ್ಲೇ. ಮನುಷ್ಯರ ಆರೋಗ್ಯ ವಿಮೆಯನ್ನು ಕಂಪನಿ ಹಿಂತೆಗೆದರೆ ಅದೇ ಕಂಪನಿಯ ಇನ್ನೊಂದು ಪಾಲಿಸಿಗೆ ಹೋಗುವ ದಾರಿ ಇದೆ, ಬೇರೆ ಕಂಪನಿಗೆ ಪೋರ್ಟ್ ಆಗಬಹುದು, ಕಳೆದ ವೇಟಿಂಗ್ ಪೀರಿಯಡ್ (ಪಾಲಿಸಿ ಶುರುವಾದ ಮೇಲೆ ಕ್ಲೇಮು ಸಿಗದ ಮೊದಲ ಅವಧಿ) ಜಮೆಯಾಗಿ ಜೊತೆಗೆ ಬರುತ್ತದೆ. ನಾಯಿ ವಿಮೆ ಆರೋಗ್ಯ ವಿಮೆಯ ವರ್ಗದಲ್ಲೇ ಇಲ್ಲ. ಅದು ಇತರೆ ಸಾಮಾನ್ಯ ವಿಮೆ. ಪೋರ್ಟ್ ಇಲ್ಲ, ಜಮೆಯೂ ಇಲ್ಲ. ನಾಲ್ಕು ವರ್ಷ ಕಟ್ಟಿದ್ದು ನಾಲ್ಕು ಬೇರೆ ಬೇರೆ ಒಂದು ವರ್ಷದ ಕರಾರು, ಅಷ್ಟೇ. ಐದನೆಯದಕ್ಕೆ ಹೊಸ ಕಂಪನಿಯ ಬಾಗಿಲಿಗೆ ಹೋದಾಗ ನಿಮ್ಮದು ಹೊಸ ಅರ್ಜಿ, ನಾಯಿ ಮಾತ್ರ ಹಳೆಯದು. ಪ್ರವೇಶದ ವಯಸ್ಸಿನ ಮಿತಿ ಕಂಪನಿಯಿಂದ ಕಂಪನಿಗೆ ಬೇರೆ: ದೊಡ್ಡ ತಳಿಗೆ ಕೆಲವು ಕಡೆ ನಾಲ್ಕು ವರ್ಷಕ್ಕೇ ಬಾಗಿಲು ಹಾಕುತ್ತಾರೆ, ಕೆಲವು ಕಡೆ ಎಂಟರವರೆಗೆ ತೆಗೆದಿರುತ್ತದೆ. ಹಳೆಯ ಕಂಪನಿಯಲ್ಲಿ ರಿನ್ಯೂ ಮಾಡಿಕೊಂಡೇ ಹೋಗಿದ್ದರೆ ಈ ಮಿತಿ ಕಣ್ಣಿಗೇ ಬೀಳುತ್ತಿರಲಿಲ್ಲ.

ಕಂಪನಿಗಳು ಯಾಕೆ ಓಡುತ್ತವೆ ಅನ್ನೋದು ಗುಟ್ಟೇನಲ್ಲ. ಸೇರುವವರು ಕಡಿಮೆ, ಸೇರುವವರಲ್ಲೂ ನಾಯಿ ಕುಂಟತೊಡಗಿದ ಮೇಲೆ ಸೇರುವವರು ಹೆಚ್ಚು. ಒಂದೇ ಸರ್ಜರಿಗೆ ಒಂದೊಂದು ಕ್ಲಿನಿಕ್‌ನಲ್ಲಿ ಒಂದೊಂದು ದರ. ಒಂದು ನಾಯಿಯ ಪಾಲಿಸಿಯಲ್ಲಿ ಇನ್ನೊಂದಕ್ಕೆ ಕ್ಲೇಮು ಮಾಡಿದರೂ ಹಿಡಿಯುವುದು ಸುಲಭವಲ್ಲ: ಎರಡು ಕಪ್ಪು ಲ್ಯಾಬ್ರಡಾರ್‌ಗಳ ಫೋಟೊ ನೋಡಿ ಯಾವುದು ಯಾವುದು ಅಂತ ಹೇಳುವುದು ದೇವರಿಗೂ ಕಷ್ಟ. ವಿಮೆ ಬೇರೂರಿದ ಅಮೆರಿಕದಲ್ಲೇ 2024ರಲ್ಲಿ ನೇಷನ್‌ವೈಡ್ ಅನ್ನುವ ವಿಮಾ ಕಂಪನಿ ಸುಮಾರು ಒಂದು ಲಕ್ಷ ಸಾಕುಪ್ರಾಣಿಗಳ ಪಾಲಿಸಿಗಳನ್ನು ಮುಂದುವರಿಸುವುದಿಲ್ಲ ಅಂದಿತು. ಕಾರಣವಾಗಿ ಹೇಳಿದ್ದು ಪಶುವೈದ್ಯ ಚಿಕಿತ್ಸೆಯ ವೆಚ್ಚ ಏರಿದ್ದನ್ನೇ.

ಇಂಥ ಮೇಲ್ ಬಂದ ದಿನ ಸಿಟ್ಟಿನಲ್ಲಿ ಪಾಲಿಸಿ ರದ್ದು ಮಾಡಬೇಡಿ. ಹಿಂತೆಗೆತ ಅಂದರೆ ನವೀಕರಣ ಇಲ್ಲ ಅಂತ ಮಾತ್ರ. ಕೊನೆಯ ದಿನದವರೆಗೆ ರಕ್ಷಣೆ ಪೂರ್ತಿ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಜೂನ್ ತಿಂಗಳ ಸಾಮಾನ್ಯ ವಿಮೆಯ ಸುತ್ತೋಲೆ ಪ್ರಕಾರ ವರ್ಷದ ನಡುವೆ ಕಂಪನಿ ತಾನಾಗಿ ರದ್ದು ಮಾಡಲು ಇರುವ ಕಾರಣ ಒಂದೇ, ಸಾಬೀತಾದ ವಂಚನೆ. ಅದಕ್ಕೂ ಏಳು ದಿನದ ನೋಟಿಸ್ ಬೇಕು. ನೀವು ಯಾವಾಗ ಬೇಕಾದರೂ ರದ್ದು ಮಾಡಬಹುದು, ಕಾರಣ ಹೇಳಬೇಕಿಲ್ಲ. ಒಂದು ವರ್ಷದ ಪಾಲಿಸಿಯಲ್ಲಿ ಕ್ಲೇಮು ಮಾಡಿರದಿದ್ದರೆ ಉಳಿದ ದಿನಗಳ ಹಣ ವಾಪಸ್.

ಆ 45 ದಿನದಲ್ಲಿ ಮಾಡಬಹುದಾದ ಬುದ್ಧಿವಂತ ಕೆಲಸ ಅಂದರೆ ಹಳೆಯದು ಉಸಿರಾಡುತ್ತಿರುವಾಗಲೇ ಹೊಸದನ್ನು ಶುರು ಮಾಡಿಬಿಡುವುದು. ಹೊಸ ಪಾಲಿಸಿಯಲ್ಲಿ ಕಾಯಿಲೆಗೆ 30 ದಿನದ ವೇಟಿಂಗ್ ಇದೆ ಅಂದುಕೊಳ್ಳಿ. ಹಳೆಯದು ಮುಗಿಯುವ ಮರುದಿನದಿಂದ ಹೊಸದು ಶುರುವಾದರೆ 30 ದಿನ ನಾಯಿ ಬರಿಗೈ. 35 ದಿನ ಮುಂಚೆ ಶುರುವಾದರೆ ಆ ವೇಟಿಂಗ್ ಹಳೆಯದರ ನೆರಳಲ್ಲೇ ಕಳೆದುಹೋಗುತ್ತದೆ. ಖರ್ಚೆಷ್ಟು? ವರ್ಷಕ್ಕೆ 5,664 ಅಂದರೆ 35 ದಿನಕ್ಕೆ 543 ರೂಪಾಯಿ. ಎರಡು ಪಾಲಿಸಿ ಇಟ್ಟುಕೊಳ್ಳುವುದು ತಪ್ಪಲ್ಲ, ಅರ್ಜಿಯಲ್ಲಿ ಹಳೆಯದನ್ನು ತೋರಿಸಬೇಕು, ಒಂದೇ ಬಿಲ್ಲನ್ನು ಎರಡೂ ಕಡೆ ಪೂರ್ತಿ ವಸೂಲಿ ಮಾಡುವಂತಿಲ್ಲ. ಇದಕ್ಕೆ ಮೇಲ್ ಬಂದ ಮೊದಲ ವಾರದಲ್ಲೇ ಹೊರಡಬೇಕು. ತಪಾಸಣೆ, ಫೋಟೊ, ಆರೋಗ್ಯ ಪತ್ರ ಅಂತ ಹತ್ತು ದಿನ ಹೇಗೋ ಹೋಗುತ್ತದೆ.

ಆರೋಗ್ಯ ಪತ್ರದಲ್ಲೇ ಮುಂದಿನ ವರ್ಷಗಳ ಹಣೆಬರಹ ಇರುವುದು. ಮೊದಲೇ ಇದ್ದ ಕಾಯಿಲೆ ಸೇರುವುದಿಲ್ಲ ಅನ್ನುವುದು ಎಲ್ಲ ಕಡೆಯ ಷರತ್ತು. ಹಳೆಯ ಕೇಸ್ ಶೀಟಿನಲ್ಲಿ ‘ಚರ್ಮದ ತೊಂದರೆ’ ಅಂತ ಮಾತ್ರ ಇದ್ದರೆ ಹೊಸ ಕಂಪನಿ ಮೂಗಿನ ತುದಿಯಿಂದ ಬಾಲದವರೆಗೆ ಚರ್ಮದ ಎಲ್ಲವನ್ನೂ ಹೊರಗಿಡುತ್ತದೆ. ನಿಜವಾಗಿ ಆದದ್ದು ಎಡಗಿವಿಯ ಯೀಸ್ಟ್ ಸೋಂಕು, ಎರಡು ವಾರ ಡ್ರಾಪ್ಸ್, ವಾಸಿ. ಹಾಗಿದ್ದರೆ ಯಾವ ಕಿವಿ, ಯಾವ ಸೋಂಕು, ಯಾವ ತಾರೀಖಿಗೆ ವಾಸಿ ಅಂತ ಆವಾಗ ನೋಡಿದ ಡಾಕ್ಟರ ಕೈಲೇ ಬರೆಸಿ. ಉಣ್ಣಿ ಕಚ್ಚಿ ಬರುವ ಜ್ವರ (ಟಿಕ್ ಫೀವರ್) ಆಗಿದ್ದರೆ ಆಮೇಲಿನ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸರಿಹೋದ ವರದಿ ಜೊತೆಗಿಡಿ. ಮುಚ್ಚಿಡುವ ಯೋಚನೆ ಬೇಡ: ಕ್ಲೇಮಿನ ಹೊತ್ತಿಗೆ ಅವರು ಕೇಳುವುದೇ ಹಳೆಯ ಕೇಸ್ ಶೀಟು, ಮುಚ್ಚಿಟ್ಟದ್ದು ಆಗ ಸಿಕ್ಕಿದರೆ ಕ್ಲೇಮೂ ಇಲ್ಲ, ಪಾಲಿಸಿಯೂ ಇಲ್ಲ. ಹಳೆಯ ಕಂಪನಿಯಿಂದ ಕ್ಲೇಮ್ ಹಿಸ್ಟರಿ ಪತ್ರ ಪಡೆದು ಲಗತ್ತಿಸಿ. ಅದು ಹಕ್ಕಿನ ಪತ್ರವಲ್ಲ, ಒಂದು ಸಾಕ್ಷಿ.

ಚಿಪ್ಪನ್ನು ಒಮ್ಮೆ ಸ್ಕ್ಯಾನ್ ಮಾಡಿಸಿ. ಎರಡು ಭುಜದ ಮೂಳೆಗಳ ನಡುವೆ ಚರ್ಮದಡಿ ಹಾಕಿದ್ದು ವರ್ಷಗಳಲ್ಲಿ ಕೆಳಗೆ ಜಾರಿರಬಹುದು, ಹಾಗಾಗಿ ಭುಜದ ಮೇಲೆ ಮಾತ್ರ ಹಿಡಿದು ಸಿಗಲಿಲ್ಲ ಅನ್ನಬೇಡಿ, ಮುಂಗಾಲಿನ ಮೇಲೂ ಎದೆಯ ಪಕ್ಕಕ್ಕೂ ನಿಧಾನವಾಗಿ ಸವರಬೇಕು. 134.2 ಕಿಲೋಹರ್ಟ್ಸ್ ಚಿಪ್ಪಿಗೆ ಅದನ್ನು ಓದುವ ರೀಡರೇ ಬೇಕು. ಬಂದ 15 ಅಂಕಿಗಳನ್ನು ಲಸಿಕೆ ಕಾರ್ಡಿನೊಂದಿಗೆ ತಾಳೆ ನೋಡಿ. ಒಂದು ಅಂಕಿ ಆಚೀಚೆಯಾಗಿ ಬರೆದಿದ್ದರೆ ಹೊಸ ಕಂಪನಿಯ ಲೆಕ್ಕದಲ್ಲಿ ಅದು ಬೇರೆ ನಾಯಿ.

ಕೊನೆಯ ವಾರದಲ್ಲಿ ನಾಯಿ ದಾಖಲಾದರೆ ಎಚ್ಚರ. ಈ ಪಾಲಿಸಿಯ ಪ್ರಕಾರ ಅವಧಿಯೊಳಗೆ ಆದ ಖರ್ಚಿಗೆ ಮಾತ್ರ ಹಣ. ಮುಕ್ತಾಯ ರಾತ್ರಿ 12ಕ್ಕೆ; ಮೂರು ದಿನ ಬಿಟ್ಟು ಹೊಲಿಗೆ ಬಿಚ್ಚಿಸಿದ ಬಿಲ್ಲು ನಿಮ್ಮದು. ಒಟ್ಟಿಗೆ ಕೊನೆಗೆ ಒಂದೇ ಬಿಲ್ಲು ಮಾಡಿಸಿದರೆ ಪೂರ್ತಿಯೇ ತಿರಸ್ಕಾರ ಆಗುವ ಅಪಾಯ ಇದೆ. ಮುಕ್ತಾಯದ ದಿನದವರೆಗಿನದಕ್ಕೆ ಬೇರೆ ಬಿಲ್ಲು ಮಾಡಿಸಿಕೊಳ್ಳಿ. ಮಾಡಿಸಲೇಬೇಕಾದ ಸ್ಕ್ಯಾನು, ಮುಂದೂಡುತ್ತ ಬಂದ ಗಡ್ಡೆ ತೆಗೆಸುವುದು ಇತ್ಯಾದಿ ಇದ್ದರೆ ಅವಧಿಯೊಳಗೇ ಮುಗಿಸಿ.

ಚಿಕಿತ್ಸೆಯ ಗಲಾಟೆಯಲ್ಲಿ ಕಚ್ಚುವಿಕೆಯ ಪರಿಹಾರದ ಭಾಗ ಹೋದದ್ದನ್ನು ಯಾರೂ ಗಮನಿಸುವುದಿಲ್ಲ. ನಾಯಿಯನ್ನು ಸರಿಯಾಗಿ ಹಿಡಿತದಲ್ಲಿಡದೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ದಂಡವನ್ನು ಯಾವ ವಿಮೆಯೂ ಕಟ್ಟುವುದಿಲ್ಲ. ಗಾಯಗೊಂಡವರು ಕೇಳುವ ಪರಿಹಾರವನ್ನು ಕಟ್ಟುತ್ತಿತ್ತು. ಬರೀ ಸಾವು, ಕಳವಿನ ಪಾಲಿಸಿಗೆ ಬದಲಾಯಿಸಿಕೊಂಡವರು ಈ ಭಾಗ ಇದೆಯೇ ಅಂತ ಷೆಡ್ಯೂಲ್ (ಪಾಲಿಸಿಯಲ್ಲಿ ಏನೇನು ಸೇರಿದೆ ಅನ್ನುವ ಪಟ್ಟಿ) ನೋಡಬೇಕು.

ದೂರು ಕೊಟ್ಟರೆ ಏನಾಗುತ್ತದೆ? ಉತ್ಪನ್ನ ಮಾರುವುದು ಬಿಡುವುದು ಕಂಪನಿಯ ಇಷ್ಟ, ಅದನ್ನು ವಾಪಸ್ ತರಿಸುವ ಕಚೇರಿ ಯಾವುದೂ ಇಲ್ಲ. ಆದರೆ ಬಾಕಿ ಕ್ಲೇಮು ತಳ್ಳಿದರೆ, ನಡುವೆ ರದ್ದು ಮಾಡಿದರೆ, ಹಿಂತೆಗೆದ ಮೇಲೂ ಖಾತೆಯಿಂದ ಕಂತು ಎಳೆದರೆ ದಾರಿ ಇದೆ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರಹದಲ್ಲಿ. ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ಪೋರ್ಟಲ್ ಬಿಮಾ ಭರೋಸಾ, ಫೋನ್ 155255. ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ); ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, ವರ್ಷದೊಳಗೆ ಹೋಗಬೇಕು. ಮೈಸೂರಿನಲ್ಲೇ ಮುಗಿಸಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ.

ಆ್ಯಪ್‌ನಿಂದ ಅಥವಾ ಪೆಟ್ ಶಾಪಿನ ‘ಪ್ಲಾನ್’ ಮೂಲಕ ಕೊಂಡವರ ಪಾಡು ಇನ್ನೂ ಕಷ್ಟ. ಅವರ ಬಳಿ ಇರುವುದು ಬಹಳ ಸಲ ಪಾಲಿಸಿಯಲ್ಲ, ಆ್ಯಪ್‌ನವರ ಹೆಸರಿನಲ್ಲಿ ಎಲ್ಲರಿಗೂ ಸೇರಿ ಇರುವ ಮಾಸ್ಟರ್ ಪಾಲಿಸಿಯಡಿ ಒಂದು ಸರ್ಟಿಫಿಕೇಟು. ಆ್ಯಪ್‌ನವರ ಮತ್ತು ವಿಮಾ ಕಂಪನಿಯ ಒಪ್ಪಂದ ಮುರಿದರೆ ಎಲ್ಲರೂ ಒಟ್ಟಿಗೆ ಹೊರಗೆ. ಕೆಲವಂತೂ ವಿಮೆಯೇ ಅಲ್ಲ, ರಿಯಾಯಿತಿ ಕೂಪನ್ನಿನ ಸದಸ್ಯತ್ವ. ಪತ್ರದಲ್ಲಿ ವಿಮಾ ಕಂಪನಿಯ ನೋಂದಣಿ ಸಂಖ್ಯೆ ಮತ್ತು ಉತ್ಪನ್ನದ ಯುಐಎನ್ (ಪ್ರತಿ ವಿಮಾ ಉತ್ಪನ್ನಕ್ಕೆ ಇರುವ ಗುರುತಿನ ಸಂಖ್ಯೆ) ಎರಡೂ ಇಲ್ಲದಿದ್ದರೆ ಅದು ಕೂಪನ್ ಅಂತಲೇ ತಿಳಿಯಿರಿ.

ವಯಸ್ಸಿನ ಕಾರಣಕ್ಕೆ ಯಾರೂ ತೆಗೆದುಕೊಳ್ಳದ ನಾಯಿಗೆ ಉಳಿಯುವುದು ನಮ್ಮದೇ ಹುಂಡಿ. ಅಂಚೆ ಕಚೇರಿ ಆರ್‌ಡಿ ಇದಕ್ಕೆ ಅಷ್ಟು ಹೊಂದುವುದಿಲ್ಲ: ಮೂರು ವರ್ಷಕ್ಕೆ ಮೊದಲು ಮುರಿಯುವಂತಿಲ್ಲ, 12 ಕಂತಾದ ಮೇಲೆ ಅರ್ಧದವರೆಗೆ ಸಾಲ ಸಿಗುತ್ತದೆ ಅಷ್ಟೇ. ರಾತ್ರಿ ಹತ್ತಕ್ಕೆ ಡ್ರಿಪ್ ಹಾಕಬೇಕಾದಾಗ ಅದು ಕೆಲಸಕ್ಕೆ ಬಾರದು. ಬೇರೆ ಉಳಿತಾಯ ಖಾತೆಗೆ ಕಂತಿನ ಹಣವನ್ನೇ ತಿಂಗಳಿಗೆ 500ರಂತೆ ಹಾಕುವುದು ಮೇಲು. ಹೊಸ ಪಾಲಿಸಿ ಸಿಕ್ಕವರೂ ನೆನಪಿಡಿ, 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಹೋದದ್ದು ಮನುಷ್ಯರ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ, ನಾಯಿಯದ್ದಕ್ಕೆ ಶೇ. 18 ಹಾಗೇ ಇದೆ.

ಆಟೊ ಡೆಬಿಟ್ ಕೊಟ್ಟಿದ್ದರೆ ಬ್ಯಾಂಕಿನಲ್ಲೇ ನಿಲ್ಲಿಸಿ, ಕಂಪನಿ ನಿಲ್ಲಿಸುತ್ತದೆ ಅಂತ ಕೂರಬೇಡಿ. ಪಾಲಿಸಿ ಪತ್ರ, ಎಲ್ಲ ವರ್ಷದ ಷೆಡ್ಯೂಲು, ಕ್ಲೇಮ್ ಪತ್ರಗಳನ್ನು ಮುಕ್ತಾಯಕ್ಕೆ ಮೊದಲೇ ಇಳಿಸಿಟ್ಟುಕೊಳ್ಳಿ. ಈ ಕಂಪನಿಯ ಲಾಗಿನ್ ಮುಕ್ತಾಯವಾದ ಮೂರನೇ ವಾರಕ್ಕೆ ಖಾಲಿ ಪುಟ ತೋರಿಸುತ್ತಿತ್ತು.