ವಾರವಾರ ಓದುವ ಟೋರಾ (ಯೆಹೂದಿ ಧರ್ಮಗ್ರಂಥ) ಭಾಗ ಅರ್ಥವಾಗಲು ರಾಶಿ ಎಂಬ ವ್ಯಾಖ್ಯಾನಕಾರರನ್ನು ಓದಲೋ, ಸ್ಯಾಕ್ಸ್ ಅವರನ್ನು ಓದಲೋ?

ನಿಮ್ಮ ಹತ್ತಿರ ಎಷ್ಟು ಸಮಯ ಇದೆ, ಅದನ್ನು ಮೊದಲು ನೋಡಿ. ಐದೇ ನಿಮಿಷ ಅಂದ್ರೆ ಫ್ರಾನ್ಸಿನ ರಾಶಿ (1040–1105) ಸರಿ, ಹೆಚ್ಚಿನ ಕಡೆ ಟೋರಾದ ಒಂದು ವಚನಕ್ಕೆ ಕೆಲವೇ ಸಾಲಿನ ವಿವರಣೆ. ಟೋರಾದ ಮೊದಲ ಪುಸ್ತಕ ಆದಿಕಾಂಡದ 18ನೇ ಅಧ್ಯಾಯದಲ್ಲಿ ದೇವರು ಅಬ್ರಹಾಮನಿಗೆ ಕಾಣಿಸಿಕೊಂಡದ್ದು ಯಾಕೆ? ಸುನ್ನತಿಯಾಗಿ ಮೂರನೇ ದಿನ, ನೋವಿನಲ್ಲಿದ್ದವನನ್ನು ವಿಚಾರಿಸಿಕೊಳ್ಳೋಕೆ ಬಂದ ಅಂತಾರೆ ರಾಶಿ. ಕಾಯಿಲೆಯವರನ್ನು ಹೋಗಿ ನೋಡಬೇಕು ಅನ್ನೋದು ಅಲ್ಲೇ ಬಂತು, ಅಲ್ವಾ? ಆದರೆ ಇವರು ಹಿಂದಿನ ರಬ್ಬಿಗಳ (ಯೆಹೂದಿ ಧರ್ಮಗುರುಗಳ) ಮಾತನ್ನು ಜಾಸ್ತಿ ಎತ್ತಿಕೊಳ್ಳುತ್ತಾರೆ, ಹೊಸಬರಿಗೆ ತುಸು ಕಷ್ಟ.

ಹಿನ್ನೆಲೆ ಗೊತ್ತಿಲ್ಲದಿದ್ದರೆ ಜೊನಾಥನ್ ಸ್ಯಾಕ್ಸ್. 2013ರವರೆಗೆ ಬ್ರಿಟನ್ನಿನ ಮುಖ್ಯ ರಬ್ಬಿಯಾಗಿದ್ದವರು. ದೇವರನ್ನು ಕಾಯಿಸಿ ಅಪರಿಚಿತರನ್ನು ಉಪಚರಿಸಲು ಓಡಿದ ಅಬ್ರಹಾಮನಿಂದ ನಾವು ಕಲಿಯೋದೇನು ಅಂತ ನಿಧಾನಕ್ಕೆ ಬಿಡಿಸಿ ಹೇಳುತ್ತಾರೆ. ಮನೆಮಂದಿಯೆಲ್ಲ ಶಬ್ಬತ್ (ವಾರದ ವಿಶ್ರಾಂತಿ ದಿನ) ಊಟಕ್ಕೆ ಕೂತಾಗ ಚರ್ಚೆಗೆ ಇದೇ ನನಗಿಷ್ಟ.

ಖರ್ಚಿನ ಚಿಂತೆ ಬೇಡ, ಇಬ್ಬರೂ ಇಂಗ್ಲಿಷಿನಲ್ಲಿ ಆನ್‌ಲೈನ್ ಉಚಿತ.