ಡಬ್ಬಾ ಟಿವಿ, ಎಲ್‌ಇಡಿ ಟಿವಿ, ಮೊಬೈಲ್: ನಮ್ಮ ಮಾರಿಯೋ ಎಲ್ಲಿ ಚೆಂದ?

ಬೆಟಗೇರಿಯ ಮಾಮಾನ ಮನೆಯ ಅಟ್ಟದ ಮೇಲೆ ನಮ್ಮ ಹಳೇ ವಿಡಿಯೋ ಗೇಮ್ ಸೆಟ್ ಸಿಕ್ಕಿತು. ಎರಡು ರಿಮೋಟ್, ಒಂದು ಗನ್, ಮೂರು ಹಳದಿ ಕ್ಯಾಸೆಟ್. ಪಕ್ಕದಲ್ಲೇ 21 ಇಂಚಿನ ಡಬ್ಬಾ ಟಿವಿ, ಮೇಲೆ ಬೆರಳು ದಪ್ಪ ಧೂಳು. ಎರಡನ್ನೂ ಹುಬ್ಬಳ್ಳಿಗೆ ತಂದೆ. ದಸರಾ ರಜೆಗೆ ಅಕ್ಕನೂ ಬಂದಿದ್ದಳು. ಅದೇ ಮಾರಿಯೋ, ಗುಂಡು ಹಾರಿಸೋ ಅದೇ ಕಾಂಟ್ರಾ, ಎರಡೂ ಗೇಮ್ ಮೂರು ಕಡೆ ಆಡಿ ನೋಡಿದೆವು.

ಮೊದಲು ಒಂದು ಮಾತು. ಕ್ಯಾಸೆಟ್ ಊದಬೇಡಿ. ಚಿಕ್ಕವರಿದ್ದಾಗ ಊದಿದ್ದರಿಂದಲೇ ಗೇಮ್ ಬಂತು ಅಂದುಕೊಂಡಿದ್ದೆವು. ಅದು ನಡೆಯುತ್ತಿದ್ದದ್ದು ತೆಗೆದು ಮತ್ತೆ ಹಾಕಿದ್ದಕ್ಕೆ. ಬಾಯಿಯ ತೇವ ಒಳಗಿನ ಪಟ್ಟಿಗಳಿಗೆ ಒಳ್ಳೆಯದಲ್ಲ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಸಾಕು.

ಎಲ್‌ಇಡಿ ಟಿವಿ ಕತೆ ಬೇಗ ಮುಗಿಯುತ್ತದೆ. ಹಳದಿ ವೈರ್ ಚುಚ್ಚಿದರೆ ಚಿತ್ರ ಬಂತು, ಆದರೆ ಅಗಲಕ್ಕೆ ಎಳೆದುಕೊಂಡು. ಮಾರಿಯೋ ಗಿಡ್ಡನಾಗಿ ಉಬ್ಬಿಕೊಂಡಿದ್ದ. ಸೆಟ್ಟಿಂಗ್‌ನಲ್ಲಿ ಹಳೇ ಟಿವಿಯ ಅಳತೆಗೆ, ಅಂದ್ರೆ 4:3 ಮಾಡಿದ ಮೇಲೆ ಆಕಾರ ಸರಿಯಾಯಿತು, ಮಬ್ಬು ಹೋಗಲಿಲ್ಲ. ಅದಕ್ಕಿಂತ ಬೇಸರ ಅಂದ್ರೆ, ಬಟನ್ ಒತ್ತಿದ ಮೇಲೆ ಜಿಗಿತ ಒಂದು ಗಳಿಗೆ ತಡ. ಹೊಸ ಟಿವಿ ಚಿತ್ರವನ್ನು ತಿದ್ದಿ ತೋರಿಸೋಕೆ ಸಮಯ ತಗೊಳ್ಳುತ್ತದೆ. ಆ ತಡ ಕಡಿಮೆ ಮಾಡೋ ಗೇಮ್ ಮೋಡ್ ಹಾಕಿದರೂ ಮೊದಲ ಗುಂಡಿಗೇ ಬಿದ್ದೆ.

ಮೊಬೈಲ್‌ನಲ್ಲಿ ಎಮ್ಯುಲೇಟರ್, ಅಂದ್ರೆ ಹಳೇ ಸೆಟ್‌ನ ಗೇಮ್ ಓಡಿಸೋ ಆ್ಯಪ್, ಹಾಕಿಕೊಂಡೆ. ಇಲ್ಲಿ ಎಲ್ಲವೂ ಚೊಕ್ಕ. ಒಂದೊಂದು ಚೌಕವನ್ನೂ ಎಣಿಸಬಹುದು, ಮತ್ತು ಎಣಿಸಬೇಕು ಅಂತಲೇ ನನ್ನ ಮಾತು. ಗೇಮ್‌ನ ಇಡೀ ಪರದೆ 256 ಅಡ್ಡ, 240 ಉದ್ದದ ಚುಕ್ಕಿಗಳು, ಅಷ್ಟೇ. ಒಂದು ಸಲಕ್ಕೆ ಹೆಚ್ಚೆಂದರೆ 25 ಬಣ್ಣ. ಮಾರಿಯೋನ ಮೈಯೆಲ್ಲ ಮೂರೇ ಬಣ್ಣ. 1981ರ ಡಾಂಕಿ ಕಾಂಗ್ ಗೇಮ್‌ಗೆ ಅವನನ್ನು ಬರೆದಾಗ ಕೂದಲು ಬಿಡಿಸೋಕೆ ಜಾಗ ಸಾಲದೆ ಟೋಪಿ ಕೊಟ್ಟರು, ಬಾಯಿ ಬಿಡಿಸೋದು ತಪ್ಪಲಿ ಅಂತ ಮೀಸೆ ಕೊಟ್ಟರು. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಮೋಡ ಮತ್ತು ಪೊದೆ ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಇಷ್ಟು ವರ್ಷ ಆಡಿದರೂ ಇದು ನನ್ನ ಕಣ್ಣಿಗೆ ಬಿದ್ದದ್ದು ಮೊಬೈಲ್‌ನಲ್ಲೇ. ಬರೆದವರ ಕೈ ಎಂಥದ್ದು ಅಂತ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಆದರೆ ಅಕ್ಕ ಎರಡೇ ನಿಮಿಷಕ್ಕೆ ಮೊಬೈಲ್ ವಾಪಸ್ ಕೊಟ್ಟಳು. "ತಮ್ಮಾ, ಇದು ನಮ್ಮ ಮಾರಿಯೋ ಅಲ್ಲೋ. ಭಾಳ ಓಡತಾನ." ಅವಳು ಹೇಳಿದ್ದು ಸರಿ. ನಮ್ಮ ಸೆಟ್ ಸೆಕೆಂಡಿಗೆ 50 ಸಲ ಚಿತ್ರ ಬಿಡಿಸುತ್ತದೆ. ಜಪಾನ್, ಅಮೆರಿಕಾದ ಗೇಮ್‌ಗಳದ್ದು 60, ಎಮ್ಯುಲೇಟರ್ ಓಡಿಸಿದ್ದು ಅದನ್ನೇ. ಬೆರಳಿಗೆ ನೆನಪಿದ್ದ ಲೆಕ್ಕವೇ ತಪ್ಪಿತು. ಇನ್ನೊಂದು: ಒಂದೇ ಸಾಲಿನಲ್ಲಿ ಆಳು, ಗುಂಡುಗಳ ತುಂಡು ಚಿತ್ರಗಳು ಎಂಟಕ್ಕಿಂತ ಜಾಸ್ತಿ ಬಂದರೆ ಹಳೇ ಸೆಟ್‌ಗೆ ತೋರಿಸೋಕೆ ಆಗಲ್ಲ. ಅದಕ್ಕೇ ಕಾಂಟ್ರಾದಲ್ಲಿ ಗುಂಡು ಜಾಸ್ತಿಯಾದಾಗ ಆಳುಗಳು ಮಿಣುಕುತ್ತಾರೆ. ಎಮ್ಯುಲೇಟರ್‌ನಲ್ಲಿ ಆ ಮಿತಿ ತೆಗೆಯಬಹುದು. ತೆಗೆದು ನೋಡಿದೆ, ಮತ್ತೆ ಹಾಕಿದೆ. ಮಿಣುಕದಿದ್ದರೆ ಗದ್ದಲವೇ ಅನಿಸಲಿಲ್ಲ.

ಡಬ್ಬಾ ಟಿವಿ ಹಚ್ಚಿದಾಗ ರಾತ್ರಿ ಒಂಬತ್ತು. ಟಪ್ ಅಂತ ಸದ್ದು, ಗಾಜಿನ ಹತ್ತಿರ ಹಿಡಿದ ಮುಂಗೈ ಕೂದಲು ಎದ್ದು ನಿಂತವು. ನಿಧಾನಕ್ಕೆ ನೀಲಿ ಆಕಾಶ ಬಂತು. ಅದು ಬರೀ ನೀಲಿ ಬಣ್ಣ ಅಲ್ಲ, ಬೆಳಕು. ಮೂಗು ತಾಗಿಸಿ ನೋಡಿದೆ: ಕೆಂಪು, ಹಸಿರು, ನೀಲಿ ಗೆರೆಗಳು, ಅಷ್ಟೇ. ಚೌಕಗಳು ಎಲ್ಲೂ ಇಲ್ಲ. ಮೂರು ಹೆಜ್ಜೆ ಹಿಂದೆ ಸರಿದರೆ ಮೀಸೆ ಮೀಸೆಯಾಗಿಯೇ ಕಂಡಿತು. ಒಂದು ಬಣ್ಣ ಪಕ್ಕದ್ದಕ್ಕೆ ಸ್ವಲ್ಪ ಸೋರಿ, ಕಾಂಟ್ರಾದ ಕಾಡಿನ ಎಲೆಗಳು ಎಲೆಗಳಂತೆಯೇ ಇದ್ದವು. ಚಿಕ್ಕಂದಿನಲ್ಲಿ ನಾನು ಚೌಕಗಳನ್ನು ನೋಡಿರಲೇ ಇಲ್ಲ. ನೆನಪಿನಲ್ಲಿದ್ದ ಚಿತ್ರ ಸುಳ್ಳಲ್ಲ, ಈ ಗಾಜು ಅದನ್ನು ಹಾಗೇ ತೋರಿಸುತ್ತಿತ್ತು. ಡಬ್ಬಾ ಟಿವಿಯಂತೆ ಕಾಣಿಸಲಿ ಅಂತ ಮೊಬೈಲ್‌ನಲ್ಲಿರೋ ಸಿಆರ್‌ಟಿ ಫಿಲ್ಟರ್ ಕಪ್ಪು ಗೆರೆಗಳನ್ನೇನೋ ಕೊಡುತ್ತದೆ, ಈ ಹೊಳಪು ಕೊಡಲ್ಲ.

ಬಾತುಕೋಳಿ ಹೊಡೆಯೋ ಗನ್ ಅಂತೂ ಇಲ್ಲಿ ಮಾತ್ರ ನಡೆಯಿತು. ಟ್ರಿಗರ್ ಒತ್ತಿದ ಕೂಡಲೇ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಆ ಬೆಳಕನ್ನು ಗನ್ ಹಿಡಿಯಬೇಕು. ಎಲ್‌ಇಡಿಯಲ್ಲಿ ಆ ಬೆಳಕು ತಡವಾಗಿ ಬರುತ್ತದೆ, ಗನ್‌ಗೆ ಸಿಗೋದೇ ಇಲ್ಲ. ಅಕ್ಕ ಮೊದಲಿನಂತೆಯೇ ಗನ್ನಿನ ಮೂತಿಯನ್ನು ಗಾಜಿಗೆ ಒತ್ತಿ ಹೊಡೆದಳು. ಒಳಗಿಂದ ಅವ್ವ, "ಕಣ್ಣು ಹೊಕ್ಕಾವು, ಹಿಂದ ಸರೀರೇ!" ಅಂದಳು.

ಹುಬ್ಬಳ್ಳಿ-ಗದಗ ಬಸ್ಸಿನಲ್ಲಿ ಕೂತು ಆಡೋಕೆ ಮೊಬೈಲ್ ಇರಲಿ. ಮನೆಯಲ್ಲಿ ಡಬ್ಬಾ ಟಿವಿಯೇ. ಎತ್ತೋಕೆ ಇಬ್ಬರು ಬೇಕು, ಮೂಲೆ ತುಂಬಾ ಅದೇ. ರಿಪೇರಿಯವರು ಬಂದು ನೋಡಿ, ಪಿಕ್ಚರ್ ಟ್ಯೂಬ್ ಹೋದರೆ ಬೇರೆ ತರೋದು ಕಷ್ಟ ಅಂದರು. ಅದಕ್ಕೇ ರವಿವಾರ ಸಂಜೆ ಮಾತ್ರ ಹಚ್ಚುತ್ತೇವೆ, ಒಂದು ತಾಸು.