ಉಣ್ಣಿ ತೆಗೆಯುವ ಕೊಕ್ಕೆ: ಒಂದು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಆನ್‌ಲೈನ್‌ನಲ್ಲಿ ತರಿಸಿದ್ದು. ಪ್ಲಾಸ್ಟಿಕ್ಕಿನ ಎರಡು ಪುಟ್ಟ ಕೊಕ್ಕೆ, ಒಂದು ದೊಡ್ಡದು ಒಂದು ಸಣ್ಣದು, ತುದಿಯಲ್ಲಿ ಸೀಳು. ಎರಡೂ ಸೇರಿ 180 ರೂಪಾಯಿ. 5ಕ್ಕೆ 4 ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಕಳೆದದ್ದು ಕೊಕ್ಕೆಗಲ್ಲ, ಅದರ ಜೊತೆ ಬಂದ ಚೀಟಿಗೆ.

ನಾವಿರುವುದು ಹಾನಗಲ್ ತಾಲೂಕಿನಲ್ಲಿ. ಮನೆಯಲ್ಲಿ ಎರಡು ಆಕಳು, ಗುಂಡ್ಯಾ ಅಂತ ಒಂದು ನಾಯಿ, ಹಿತ್ತಲು ದಾಟಿದರೆ ಅಡಿಕೆ ತೋಟ. ಉಣ್ಣಿ ನಮಗೇನು ಹೊಸದಲ್ಲ. ನಾಯಿಯ ಕಿವಿಯಿಂದ ಕಿತ್ತು ಉಗುರಿನಲ್ಲಿ ಒತ್ತಿ ಒಗೆಯುವುದು ಎಲ್ಲ ಮನೆಯಲ್ಲೂ ಇದ್ದದ್ದೇ ಅಲ್ವಾ? ಮೈಗೆ ಕಚ್ಚಿಕೊಂಡರೆ ಅವ್ವನದು ಒಂದೇ ಮಾತು, "ಚಿಮಣಿ ಎಣ್ಣಿ ಹಚ್ಚು, ತಾನ ಬಿಟ್ಟು ಬೀಳ್ತೈತಿ."

ಅಕ್ಕನ ಮಗ, 9 ವರ್ಷದವನು, ರಜೆಗೆ ಬಂದಿದ್ದಾಗ ಅವನ ಕಿವಿ ಹಿಂದೆ ಒಂದು ಉಣ್ಣಿ ಸಿಕ್ಕಿತು. ನಾನೇ ಬೆರಳಲ್ಲಿ ಹಿಡಿದು ಜಗ್ಗಿದೆ. ಹೊಟ್ಟೆ ಒಡೆದು ಕೈಗೆ ಬಂತು, ಬಾಯಿ ಚರ್ಮದಲ್ಲೇ ಉಳಿಯಿತು. ವಾರ ಕಳೆದ ಮೇಲೆ ಜ್ವರ ಹಿಡಿಯಿತು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ವೈರಲ್ ಅಂತ ಹೇಳಿ ನಾಲ್ಕು ದಿನ ಸಿರಪ್ಪು, ಇಂಜೆಕ್ಷನ್ನು ನಡೆಯಿತು. ಉಣ್ಣಿ ಕಚ್ಚಿತ್ತು ಅಂತ ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಐದನೇ ದಿನ ಮಣಿಕಟ್ಟಿನಲ್ಲಿ, ಕಾಲಗಂಟಿನಲ್ಲಿ ಕೆಂಪು ಚುಕ್ಕಿ ಎದ್ದವು, ಆಮೇಲೆ ಅಂಗೈ ಅಂಗಾಲಿಗೂ ಬಂದವು. ಗಾಬರಿಯಾಗಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಅಲ್ಲಿ ಡಾಕ್ಟರು ಅಂಗೈ ತಿರುಗಿಸಿ ನೋಡಿ ಮೊದಲು ಕೇಳಿದ್ದೇ, "ಮನಿಯಾಗ ನಾಯಿ ಅದಾವೇನ್ರಿ?" ಅಂತ. ಉಣ್ಣಿಯಿಂದ ಬರುವ ರಿಕೆಟ್ಸಿಯಾ ಜ್ವರ, ಟಿಕ್ ಟೈಫಸ್ ಅಂತಾರೆ ಅಂದರು. ರಿಪೋರ್ಟು ಬರುವ ತನಕ ಕಾಯಲಿಲ್ಲ, ಅವತ್ತೇ ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಎರಡು ದಿನದಲ್ಲಿ ಜ್ವರ ಇಳಿಯಿತು. ಅಷ್ಟು ಹಳೆಯ, ಅಷ್ಟು ಅಗ್ಗದ ಮಾತ್ರೆ! ಅದು ನಾಲ್ಕು ದಿನ ಮೊದಲೇ ಸಿಗಬಹುದಿತ್ತು. ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಕಾರಣಕ್ಕೇ ಈ ಕೊಕ್ಕೆ ತರಿಸಿದ್ದು.

ಬಳಸುವುದು ಸುಲಭ. ಉಣ್ಣಿಯ ಪಕ್ಕದಿಂದ, ಚರ್ಮಕ್ಕೆ ಒತ್ತಿಕೊಂಡ ಹಾಗೆ ಕೊಕ್ಕೆಯನ್ನು ಸರಿಸಬೇಕು. ಉಣ್ಣಿಯ ಬಾಯಿ ಸೀಳಿನೊಳಗೆ ಕೂತ ಮೇಲೆ ನಿಧಾನವಾಗಿ ತಿರುಗಿಸಬೇಕು, ಎರಡು ಮೂರು ಸುತ್ತಿಗೆ ಅದೇ ಬಿಟ್ಟುಕೊಳ್ಳುತ್ತದೆ. ಜಗ್ಗುವ ಕೆಲಸವೇ ಇಲ್ಲ, ಹೊಟ್ಟೆ ಅದುಮುವ ಪ್ರಶ್ನೆಯೇ ಇಲ್ಲ. ಇದರ ದೊಡ್ಡ ಲಾಭ ಇದೇ. ಹೊಟ್ಟೆ ಹಿಸುಕಿದರೆ, ಚಿಮಣಿ ಎಣ್ಣೆ ಹಚ್ಚಿದರೆ, ಊದಿನಕಡ್ಡಿ ತಾಗಿಸಿದರೆ ಅದು ಒಳಗಿನ ಜೊಲ್ಲನ್ನು ನಮ್ಮ ಗಾಯಕ್ಕೇ ಕಕ್ಕುವ ಭಯ ಇರುತ್ತದೆ, ರೋಗ ಇರುವುದು ಆ ಜೊಲ್ಲಿನಲ್ಲೇ. ಅವ್ವನಿಗೆ ಇದನ್ನು ಒಪ್ಪಿಸಲು ಒಂದು ತಿಂಗಳು ಬೇಕಾಯಿತು. ಗುಂಡ್ಯಾನ ಕಿವಿಯಿಂದ ಕಾಲೆಲ್ಲ ಆಡಿಸುತ್ತಾ ಇಡಿಯಾಗಿ ಹೊರಬಂದ ಉಣ್ಣಿಯನ್ನು ಕಣ್ಣಾರೆ ನೋಡಿದ ಮೇಲೆ ಸುಮ್ಮನಾದಳು.

ಆದರೆ ಎಲ್ಲ ಉಣ್ಣಿಗೂ ಇದು ಸಾಲದು. ಜೋಳದ ಕಾಳಿನಷ್ಟು ಉಬ್ಬಿದ್ದಕ್ಕೆ ದೊಡ್ಡ ಕೊಕ್ಕೆ ಚೆನ್ನಾಗಿದೆ. ಎಳ್ಳಿನಷ್ಟಿದ್ದರೆ ಸಣ್ಣದರಿಂದ ತೆಗೆಯಬಹುದು. ಗಸಗಸೆ ಕಾಳಿನಂಥ ಮರಿಗಳು ಇರುತ್ತವಲ್ಲ, ಅವು ಸೀಳಿನಿಂದ ಜಾರಿಬಿಡುತ್ತವೆ. ಅದಕ್ಕೆ ಮೆಡಿಕಲ್ ಶಾಪಿನಿಂದ ಚೂಪು ಮೂತಿಯ ಚಿಮಟಿಗೆ ತಂದಿಟ್ಟಿದ್ದೇನೆ. ಚಿಮಟಿಗೆ ಹಿಡಿದಾಗ ತಿರುಗಿಸಬಾರದು, ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಮೇಲಕ್ಕೆ ನಿಧಾನವಾಗಿ ಎತ್ತಬೇಕು. ಕೊಕ್ಕೆಯ ಪದ್ಧತಿ ಬೇರೆ, ಚಿಮಟಿಗೆಯ ಪದ್ಧತಿ ಬೇರೆ, ಎರಡನ್ನು ಕಲಸಿಕೊಳ್ಳಬೇಡಿ. ತೆಗೆದ ಮೇಲೆ ಸೋಪು ನೀರಿನಿಂದ ತೊಳೆದು ಸ್ಪಿರಿಟ್ ಹಚ್ಚುತ್ತೇನೆ, ಉಣ್ಣಿಯನ್ನು ಸ್ಪಿರಿಟ್ ಇರುವ ಡಬ್ಬಿಗೆ ಹಾಕುತ್ತೇನೆ, ಉಗುರಿನಲ್ಲಿ ಒಡೆಯುವುದನ್ನು ಪೂರ್ತಿ ಬಿಟ್ಟಿದ್ದೇವೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವತ್ತಿನ ತಾರೀಖಿಗೆ ಗುರುತು ಹಾಕುತ್ತೇವೆ. ಮೂರು ವಾರದೊಳಗೆ ಜ್ವರ ಬಂದರೆ ಆ ಗುರುತೇ ಡಾಕ್ಟರಿಗೆ ಹೇಳುವ ಮೊದಲ ಮಾತು.

ಈಗ ಆ ಚೀಟಿಯ ವಿಷಯ. ಪೂರ್ತಿ ಇಂಗ್ಲಿಷಿನಲ್ಲಿದೆ, ಅದು ಹೋಗಲಿ. ಅದರಲ್ಲಿ ಇರುವುದೆಲ್ಲ ಲೈಮ್ ಕಾಯಿಲೆಯ ಮಾತು. ಕಚ್ಚಿದ ಜಾಗದ ಸುತ್ತ ಬಳೆಯಂತೆ ಹರಡುವ ಕೆಂಪು ಕಲೆಯ ಚಿತ್ರ ದೊಡ್ಡದಾಗಿ ಹಾಕಿದ್ದಾರೆ. ಲೈಮ್ ಅನ್ನುವುದು ಅಮೆರಿಕದ ಕನೆಕ್ಟಿಕಟ್‌ನ ಒಂದು ಊರು, 1970ರ ದಶಕದಲ್ಲಿ ಅಲ್ಲಿಯ ಮಕ್ಕಳಿಗೆ ಕೀಲು ಬಾವು ಬಂದದ್ದರಿಂದ ಕಾಯಿಲೆಗೆ ಆ ಹೆಸರು. ಅದು ಬ್ಯಾಕ್ಟೀರಿಯಾದ ಕಾಯಿಲೆ, ಮಾತ್ರೆಗೆ ಬಗ್ಗುತ್ತದೆ. ಉಣ್ಣಿ ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ಅದು ಹರಡುತ್ತದೆ. ನಮ್ಮ ಕಡೆ ಕಾಡುವುದು ಅದಲ್ಲ. ನಮ್ಮ ಪಕ್ಕದ ಸೊರಬ ತಾಲೂಕಿನಲ್ಲೇ ಕ್ಯಾಸನೂರು ಕಾಡಿದೆ, ಉಣ್ಣಿಯಿಂದಲೇ ಹರಡುವ ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಸಿಕ್ಕಿದ್ದು ಅಲ್ಲೇ. ಅದರಲ್ಲಿ ಬಳೆಯಂಥ ಕಲೆ ಏಳುವುದೇ ಇಲ್ಲ. ಚೀಟಿ ಓದಿದವರು ಕಲೆ ಇಲ್ಲ, ಅಂದರೆ ಏನೂ ಆಗಿಲ್ಲ ಅಂದುಕೊಂಡು ಕೂತರೆ? ಇಲ್ಲಿ ಮಾರುವವರು ಇಲ್ಲಿಯ ಕಾಯಿಲೆ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ ಹಾಕಬೇಕು, ದಯವಿಟ್ಟು.

ಸೊರಬದಲ್ಲಿ ನಮ್ಮ ಚಿಕ್ಕವ್ವನ ಮನೆ ಇದೆ. ಅಲ್ಲಿ ಡಿಸೆಂಬರ್ ಬಂತೆಂದರೆ ಬೇಸಿಗೆ ಮುಗಿಯುವ ತನಕ ಕಾಡಿಗೆ ದರಗು ತರಲು, ಸೌದೆ ತರಲು ಹೋಗುವವರಿಗೆ ಇದೇ ಚಿಂತೆ. ಒಮ್ಮೆಲೇ ಜೋರು ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು, ಕೆಲವರಿಗೆ ಮೂಗಿನಲ್ಲಿ ವಸಡಿನಲ್ಲಿ ರಕ್ತ. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಒಮ್ಮೆ ಇಳಿದ ಜ್ವರ ಕೆಲವರಿಗೆ ವಾರ ಬಿಟ್ಟು ಮತ್ತೆ ಬರುತ್ತದೆ. ಇದಕ್ಕೆ ಡಾಕ್ಸಿಸೈಕ್ಲಿನ್ ನಡೆಯುವುದಿಲ್ಲ, ವೈರಸ್ಸಿಗೆಂದೇ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿ ಸಲೈನು, ರಕ್ತ ಬೇಕಾದರೆ ರಕ್ತ, ಅಷ್ಟೇ ದಾರಿ. ಮೊದಲು ಕೊಡುತ್ತಿದ್ದ ಲಸಿಕೆಯನ್ನೂ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆದಿದೆ. ಹತ್ತಿರದಲ್ಲಿ ಮಂಗ ಸತ್ತು ಬಿದ್ದರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ಹೇಳಬೇಕು, ಸತ್ತ ಮಂಗನ ಮೈಯಿಂದ ಇಳಿದ ಉಣ್ಣಿಗಳು ಆ ಜಾಗದಲ್ಲೇ ಇರುತ್ತವೆ. ಚಿಕ್ಕವ್ವನಿಗೆ ಆರೋಗ್ಯ ಇಲಾಖೆಯವರು ಉಣ್ಣಿ ಹತ್ತದಂತೆ ತಡೆಯುವ ಡೇಪಾ ಎಣ್ಣೆ ಬಾಟಲಿ ಪುಕ್ಕಟೆ ಕೊಟ್ಟಿದ್ದಾರೆ, ಡಿಆರ್‌ಡಿಒ ತಯಾರಿಸಿದ್ದು. ಕೈಕಾಲಿಗೆ ಹಚ್ಚಿಕೊಂಡೇ ಕಾಡಿಗೆ ಹೋಗುತ್ತಾಳೆ, ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಮೈ ತೊಳೆಯುತ್ತಾಳೆ. ಕೊಕ್ಕೆಗಿಂತ ಆ ಎಣ್ಣೆಯೇ ಮೇಲು ಅಂತ ನಾನು ಹೇಳುತ್ತೇನೆ, ಯಾಕೆಂದರೆ ಕಾಡಿನಲ್ಲಿ ಹತ್ತುವುದು ಹೆಚ್ಚಾಗಿ ಆ ಗಸಗಸೆಯಂಥ ಮರಿಗಳೇ, ಕಣ್ಣಿಗೆ ಕಾಣುವುದೇ ಕಷ್ಟ.

ನಾಯಿ ಮೈತುಂಬ ಉಣ್ಣಿ ಇದ್ದರೆ ಕೊಕ್ಕೆ ಹಿಡಿದು ಕೂರಬೇಡಿ. ಒಂದು ಹೆಣ್ಣು ಉಣ್ಣಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಅದೂ ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ. ದನದ ಡಾಕ್ಟರ ಹತ್ತಿರ ಹೋಗಿ ತೂಕ ಹೇಳಿ ಔಷಧಿ ತನ್ನಿ. ಆಕಳಿಗೆ ತಂದ ಔಷಧಿಯನ್ನು ಮನೆಯ ಬೆಕ್ಕಿಗೆ ಹಾಕಲೇಬೇಡಿ, ಪರ್ಮೆಥ್ರಿನ್ ಥರದವು ಬೆಕ್ಕಿಗೆ ವಿಷ. ನಾವು ಕೊಟ್ಟಿಗೆ ಗೋಡೆಗೆ ಗಿಲಾವು ಮಾಡಿಸಿ ಬಿರುಕು ಮುಚ್ಚಿದ ಮೇಲೆ ಬಹಳ ಕಡಿಮೆಯಾಗಿದೆ. ಈಗ ಕೊಕ್ಕೆ ಕೈಗೆ ಬರುವುದು ವಾರಕ್ಕೆ ಒಂದೆರಡು ಸಲ.

ಕೊಕ್ಕೆಗೆ ತೂಗುಹಾಕಲು ತೂತಿಲ್ಲ, ಹಸಿರು ಬಣ್ಣ ಬೇರೆ, ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಕೆಂಪು ದಾರ ಕಟ್ಟಿ ಕೊಟ್ಟಿಗೆ ಬಾಗಿಲ ಮೊಳೆಗೆ ಹಾಕಿದ್ದೇನೆ. ಸೊರಬಕ್ಕೆ ಇನ್ನೊಂದು ಸೆಟ್ ಕಳಿಸಿದೆ, ಜೊತೆಗೆ ಚಿಮಟಿಗೆಯನ್ನೂ. ಆ ಚೀಟಿಯನ್ನು ಮಾತ್ರ ತೆಗೆದಿಟ್ಟುಕೊಂಡು, ಬದಲಿಗೆ ಕನ್ನಡದಲ್ಲಿ ಒಂದು ಹಾಳೆ ಬರೆದು ಇಟ್ಟೆ.